ಕಾರ್ಖಾನೆ ಅವಘಡದ ಸುದ್ದಿ ಬರೆಯುವಾಗ ಬಾಕಿ ಉಳಿದ ರಿಪೇರಿ ಬಗ್ಗೆಯೂ ಕೇಳಿ

ಸಂಪಾದಕರೇ,

ಕಾರ್ಖಾನೆಯಲ್ಲಿ ಅವಘಡ ಆದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಾನು ಮೊದಲು ಓದುವುದು ಕೊನೆಯ ಪ್ಯಾರಾ. ಕಾರಣ ಬರೆಯುವುದು ಅಲ್ಲೇ ತಾನೆ? ಶಾರ್ಟ್ ಸರ್ಕ್ಯೂಟ್ ಆಗಿರಬಹುದು ಎಂದು ಶಂಕಿಸಲಾಗಿದೆ. ಬಾಯ್ಲರ್ ಏಕಾಏಕಿ ಸ್ಫೋಟಗೊಂಡಿದೆ. ಕಾರ್ಮಿಕನ ಅಜಾಗರೂಕತೆಯೇ ಕಾರಣ ಎನ್ನಲಾಗಿದೆ. ಇಷ್ಟು ಬರೆದು ನಿಮ್ಮ ವರದಿಗಾರರು ಮುಂದಿನ ಸುದ್ದಿಗೆ ಹೋಗುತ್ತಾರೆ. ನಾನು ಮೇಂಟೆನೆನ್ಸ್ ವಿಭಾಗದವನು. ಪಂಪು, ಮೋಟರು, ಬಾಯ್ಲರು, ಕಂಪ್ರೆಸರ್ ಇವುಗಳ ಜೊತೆಗೇ ಏಗಿ ತಲೆಗೂದಲು ಬೆಳ್ಳಗಾದವನು. ಆ ಸಾಲುಗಳನ್ನು ಓದಿದಾಗ ನನಗೆ ಅನಿಸುವುದು ಒಂದೇ, ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಆ ಮಷೀನಿನಲ್ಲಿ ಬಾಕಿ ಉಳಿದಿದ್ದ ರಿಪೇರಿ ಏನು? ಅದನ್ನು ಎಷ್ಟು ದಿನದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದರು?

ಶಾರ್ಟ್ ಸರ್ಕ್ಯೂಟ್ ಆಕಾಶದಿಂದ ಉದುರುವುದಿಲ್ಲ. ಪ್ಯಾನಲ್ ಒಳಗೆ ಕೇಬಲ್ ಲಗ್ ಒಂದು, ಅಂದರೆ ಕೇಬಲ್ ತುದಿಯನ್ನು ಬೋಲ್ಟಿಗೆ ಕೂಡಿಸುವ ಲೋಹದ ತುಂಡು, ಸಡಿಲ ಆಗುತ್ತದೆ. ಸಡಿಲ ಆದ ಕಡೆ ರೆಸಿಸ್ಟೆನ್ಸ್ ಜಾಸ್ತಿ, ರೆಸಿಸ್ಟೆನ್ಸ್ ಜಾಸ್ತಿ ಇದ್ದ ಕಡೆ ಬಿಸಿ ಜಾಸ್ತಿ, ಬಿಸಿ ಆದಷ್ಟೂ ಆ ಜಾಯಿಂಟ್ ಇನ್ನಷ್ಟು ಹಾಳು. ಕೇಬಲ್ ಮೇಲಿನ ಇನ್ಸುಲೇಷನ್ ಬಣ್ಣ ತಿರುಗುತ್ತದೆ, ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಪ್ಯಾನಲ್ ಬಾಗಿಲು ತೆಗೆದರೆ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಇದೆಲ್ಲ ಆಗಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬ ಎಲೆಕ್ಟ್ರಿಷಿಯನ್ ಅದನ್ನು ನೋಡಿರುತ್ತಾನೆ, ಲಾಗ್‌ಬುಕ್‌ನಲ್ಲಿ ಬರೆದೂ ಇರುತ್ತಾನೆ. ಲಗ್ ಬದಲಿಸಿ ಬಿಗಿ ಮಾಡಲು ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ಲೈನ್ ನಿಲ್ಲಿಸಬೇಕು. ಪ್ರೊಡಕ್ಷನ್‌ನವರು ಬಿಡುವುದಿಲ್ಲ. ಈ ತಿಂಗಳ ಟಾರ್ಗೆಟ್ ಮುಗಿಯಲಿ, ಆಮೇಲೆ ನೋಡೋಣ ಅಂತಾರೆ. ಮುಂದಿನ ತಿಂಗಳಿಗೂ ಒಂದು ಟಾರ್ಗೆಟ್ ಇದ್ದೇ ಇರುತ್ತದೆ ಅಲ್ವಾ?

ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. ಈಗ ಎಲ್ಲಿ ನೋಡಿದರೂ ಇಂಧನ ಉಳಿತಾಯದ ಮಾತು. ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ: ಇಂಥ ಕಂಪನಿಯವರು ಸೋಲಾರ್ ಹಾಕಿದರು, ಎಲ್‌ಇಡಿ ದೀಪ ಹಾಕಿದರು. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಇಂಧನದ ಸುದ್ದಿ ಒಂದು ಪುಟದಲ್ಲಿ, ಸತ್ತವರ ಸುದ್ದಿ ಇನ್ನೊಂದು ಪುಟದಲ್ಲಿ ಇರುತ್ತದೆ. ಪ್ಲಾಂಟ್ ಒಳಗೆ ನಿಂತು ನೋಡಿದರೆ ಅವು ಬೇರೆ ಬೇರೆ ಅಲ್ಲ. ಆ ಸಡಿಲ ಲಗ್ ಬೆಂಕಿ ಹಚ್ಚುವ ಮೊದಲು ಪ್ರತಿದಿನ ಒಂದಿಷ್ಟು ಕರೆಂಟನ್ನು ಸುಮ್ನೆ ಬಿಸಿ ಮಾಡಿ ಗಾಳಿಗೆ ಬಿಟ್ಟಿರುತ್ತದೆ. ಕರೆಂಟ್ ಎಲ್ಲಿ ಪೋಲಾಗುತ್ತದೋ ಅಪಾಯವೂ ಬಹಳಷ್ಟು ಸಲ ಅಲ್ಲೇ ಕೂತಿರುತ್ತದೆ.

ಬೇರಿಂಗ್ ತಗೊಳ್ಳಿ, ತಿರುಗುವ ಶಾಫ್ಟನ್ನು ಹೊತ್ತು ಹಿಡಿಯುವ ಭಾಗ ಅದು. ಗ್ರೀಸ್ ಒಣಗಿದ ಅಥವಾ ಅಲೈನ್‌ಮೆಂಟ್ ತಪ್ಪಿದ ಬೇರಿಂಗ್ ಸದ್ದು ಮಾಡುತ್ತದೆ. ಹಳೇ ಫಿಟ್ಟರ್‌ಗಳು ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಹೌಸಿಂಗ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುತ್ತಾರೆ. ಒಳ್ಳೆಯ ಬೇರಿಂಗ್ ಒಂದೇ ಸಮ ಗುಂಯ್ ಅನ್ನುತ್ತದೆ. ಕೆಟ್ಟದ್ದು ಮರಳು ಅರೆದ ಹಾಗೆ ಕರಕರ ಅನ್ನುತ್ತದೆ. ಈಗ ವೈಬ್ರೇಷನ್ ಮೀಟರ್ ಇದೆ, ಥರ್ಮಲ್ ಕ್ಯಾಮೆರಾ ಇದೆ, ಇವು ಇನ್ನೂ ಮೊದಲೇ ಹೇಳುತ್ತವೆ. ಬೇರಿಂಗ್ ತಿಕ್ಕುತ್ತಿದ್ದರೆ ಅದನ್ನು ತಿರುಗಿಸಲು ಮೋಟರು ಅಷ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಇಷ್ಟೇ ಆಗಿದ್ದರೆ ಬಿಲ್ಲಿನ ಮಾತಾಯಿತು ಅಂತ ಬಿಡಬಹುದಿತ್ತು.

2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಎಂಬ ಕಂಪನಿಯ ಸಕ್ಕರೆ ಕಾರ್ಖಾನೆ ಸಿಡಿಯಿತು. 14 ಜನ ಸತ್ತರು. ಸಿಡಿದದ್ದು ಗ್ಯಾಸ್ ಅಲ್ಲ, ಸಕ್ಕರೆಯ ಧೂಳು. ಸಕ್ಕರೆಗೆ ಕಸ ಬೀಳದಿರಲಿ ಅಂತ ಕನ್ವೇಯರ್ ಬೆಲ್ಟ್ ಸುತ್ತ ಸ್ಟೀಲ್ ತಗಡು ಮುಚ್ಚಿದ್ದರು. ಉದ್ದೇಶ ಒಳ್ಳೆಯದೇ, ಆದರೆ ಒಳಗಿನ ಧೂಳನ್ನು ಎಳೆದು ಹೊರಹಾಕುವ ವ್ಯವಸ್ಥೆ ಮಾಡಿರಲಿಲ್ಲ. ಮುಚ್ಚಿದ ಜಾಗದಲ್ಲಿ ಧೂಳು ಸಿಡಿಯುವಷ್ಟು ದಟ್ಟವಾಯಿತು. ಅದಕ್ಕೆ ಕಿಡಿ ಕೊಟ್ಟದ್ದು ಬಹುಶಃ ಬಿಸಿಯಾದ ಒಂದು ಬೇರಿಂಗ್ ಎಂದು ತನಿಖೆಯವರು ಹೇಳಿದರು. ಮೊದಲ ಸ್ಫೋಟ ಚಿಕ್ಕದು. ಅದರ ಏಟಿಗೆ ಮಹಡಿಗಳಲ್ಲಿ, ತೊಲೆಗಳ ಮೇಲೆ ಕೂತಿದ್ದ ಧೂಳೆಲ್ಲ ಮೇಲೆದ್ದು ಒಂದಾದ ಮೇಲೊಂದು ಸಿಡಿಯುತ್ತಾ ಹೋಯಿತು. ಗುಡಿಸಬೇಕಾಗಿದ್ದ ಧೂಳನ್ನು ಗುಡಿಸಿರಲಿಲ್ಲ. ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸವನ್ನು ಎಲ್ಲರಿಗಿಂತ ಕೆಳಗಿನವರ ಕೆಲಸ ಅಂತ ನೋಡುವ ನಮ್ಮ ಸಾಹೇಬರುಗಳಿಗೆ ಈ ವರದಿ ಓದಿಸಬೇಕು.

ಕಂಪ್ರೆಸರ್ ಗಾಳಿಯ ಕಥೆ ಇನ್ನೊಂದು. ವಾರದ ರಜೆ ದಿನ, ಎಲ್ಲ ಮಷೀನ್ ನಿಂತಾಗ, ಕಂಪ್ರೆಸರ್ ಆನ್ ಮಾಡಿ ಶೆಡ್ ಒಳಗೆ ಸುಮ್ಮನೆ ಒಂದು ಸುತ್ತು ಹಾಕಿ ನೋಡಿ. ಯಾರೂ ಗಾಳಿ ಬಳಸುತ್ತಿಲ್ಲ, ಆದರೂ ಕಂಪ್ರೆಸರ್ ಲೋಡ್ ಆಗುತ್ತದೆ, ಬಿಡುತ್ತದೆ, ಮತ್ತೆ ಲೋಡ್ ಆಗುತ್ತದೆ. ಯಾಕೆ? ಎಲ್ಲ ಮೂಲೆಯಿಂದಲೂ ಸುಸ್ ಸುಸ್ ಅನ್ನುವ ಸದ್ದು. ಹೋಸ್ ಕ್ಲ್ಯಾಂಪ್, ಕ್ವಿಕ್ ಕಪ್ಲಿಂಗ್, ಕಿತ್ತುಹಾಕಿದ ಮಷೀನಿಗೆ ಹೋಗುತ್ತಿದ್ದ ಲೈನಿನ ಸರಿಯಾಗಿ ಮುಚ್ಚದ ವಾಲ್ವ್. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ಅಷ್ಟು ಸುಲಭ. 7 ಬಾರ್ ಒತ್ತಡದ ಲೈನಿನಲ್ಲಿ 3 ಮಿಲಿಮೀಟರ್ ತೂತು ಒಂದಿದ್ದರೆ ಅದೊಂದೇ ಸುಮಾರು 3ರಿಂದ 4 ಕಿಲೋವ್ಯಾಟ್ ತಿನ್ನುತ್ತದೆ. ವರ್ಷವಿಡೀ ಹಗಲೂ ರಾತ್ರಿ ಓಡಿದರೆ 25,000 ಯೂನಿಟ್ ದಾಟುತ್ತದೆ. ನೋಡಿಕೊಳ್ಳದೆ ಬಿಟ್ಟ ಪ್ಲಾಂಟ್‌ಗಳಲ್ಲಿ ಕಂಪ್ರೆಸರ್ ಮಾಡಿದ ಗಾಳಿಯಲ್ಲಿ 20ರಿಂದ 30 ಪರ್ಸೆಂಟ್ ಹೀಗೇ ಸೋರಿಹೋಗುವುದು ಮಾಮೂಲು. ಗಾಳಿ ಪುಕ್ಕಟೆ, ಗಾಳಿಯನ್ನು ಒತ್ತುವುದು ಪುಕ್ಕಟೆ ಅಲ್ಲ.

ಸೋರಿಕೆ ಇದ್ದರೆ ಲೈನಿನ ಕೊನೆಯಲ್ಲಿ ಒತ್ತಡ ಸಾಲುವುದಿಲ್ಲ. ಸೋರಿಕೆ ಮುಚ್ಚುವ ಬದಲು ಏನು ಮಾಡುತ್ತಾರೆ? ಕಂಪ್ರೆಸರ್ ಸೆಟ್ಟಿಂಗ್ ಒಂದು ಬಾರ್ ಏರಿಸುತ್ತಾರೆ. ಅದಕ್ಕೆ ಇನ್ನೂ 6ರಿಂದ 8 ಪರ್ಸೆಂಟ್ ಕರೆಂಟ್ ಜಾಸ್ತಿ, ಸೋರಿಕೆಯೂ ಜಾಸ್ತಿ, ಹಳೇ ಹೋಸ್‌ಗಳ ಮೇಲೆ ಒತ್ತಡವೂ ಜಾಸ್ತಿ. ಒತ್ತಡದಲ್ಲಿರುವ ಹೋಸ್ ಕಳಚಿಕೊಂಡರೆ ಹಾವಿನ ಹಾಗೆ ಹೊರಳಾಡಿ ಎದುರಿಗೆ ಸಿಕ್ಕವರ ಮುಖಕ್ಕೆ ಹೊಡೆಯುತ್ತದೆ. ಅದೇ ಗಾಳಿಯಿಂದ ಶಿಫ್ಟ್ ಮುಗಿದ ಮೇಲೆ ಹುಡುಗರು ಬಟ್ಟೆಯ ಧೂಳು ಊದಿಕೊಳ್ಳುತ್ತಾರೆ, ಸೆಕೆಗೆ ಅಂಗಿಯೊಳಗೆ ಬಿಟ್ಟುಕೊಳ್ಳುತ್ತಾರೆ. ಚರ್ಮದ ಗಾಯದ ಮೂಲಕ ಒತ್ತಡದ ಗಾಳಿ ರಕ್ತಕ್ಕೆ ಸೇರಿದರೆ ಪ್ರಾಣವೇ ಹೋಗಬಹುದು, ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಸ್ಟೀಮ್ ಲೈನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದೂ ಇದೇ ಜಾತಿ. ಸ್ಟೀಮನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ಟ್ರ್ಯಾಪ್ ಕೆಟ್ಟು ತೆರೆದೇ ನಿಂತರೆ ಸ್ಟೀಮ್ ದಂಡ. ಮುಚ್ಚಿಯೇ ನಿಂತರೆ ಪೈಪಿನಲ್ಲಿ ನೀರು ನಿಲ್ಲುತ್ತದೆ, ಆ ನೀರನ್ನು ಸ್ಟೀಮ್ ತಳ್ಳಿಕೊಂಡು ಹೋಗಿ ಬೆಂಡಿಗೋ ವಾಲ್ವಿಗೋ ಅಪ್ಪಳಿಸಿದರೆ ಎರಕದ ಕಬ್ಬಿಣವೂ ಒಡೆಯುತ್ತದೆ. ರಿಪೇರಿಗೆ ಅಂತ ಬಿಚ್ಚಿದ ಲ್ಯಾಗಿಂಗ್ ಅನ್ನು, ಅಂದರೆ ಪೈಪಿನ ಶಾಖ ತಡೆಯುವ ಹೊದಿಕೆಯನ್ನು, ವಾಪಸ್ ಸುತ್ತದಿದ್ದರೆ ಶಾಖವೂ ಹೋಗುತ್ತದೆ, ದಾರಿಯಲ್ಲಿ ಹೋಗುವವನ ಕೈಯೂ ಸುಡುತ್ತದೆ.

ಹಾಗಂತ ಇಂಧನ ಉಳಿತಾಯ ಅಂತ ಏನು ಮಾಡಿದರೂ ಸರಿ ಅಂತಲ್ಲ. ಭೋಪಾಲ್ ನೆನಪಿದೆಯಲ್ಲ, 1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮಿಥೈಲ್ ಐಸೊಸಯನೇಟ್ ತುಂಬಿದ ಟ್ಯಾಂಕ್ ಇತ್ತು, ನಂಬರ್ 610. ಆ ರಾಸಾಯನಿಕವನ್ನು 0 ಡಿಗ್ರಿ ಆಸುಪಾಸಿನಲ್ಲಿ ತಣ್ಣಗೆ ಇಡಬೇಕು. ಅದಕ್ಕೆಂದೇ ರೆಫ್ರಿಜರೇಷನ್ ಯಂತ್ರ ಇತ್ತು. ಖರ್ಚು ಕಡಿಮೆ ಮಾಡುವ ಕಾಲದಲ್ಲಿ, ಅವಘಡಕ್ಕೆ ತಿಂಗಳುಗಳ ಮೊದಲೇ, ಅದನ್ನು ನಿಲ್ಲಿಸಿದ್ದರು. ಸೋರಿದ ಗ್ಯಾಸನ್ನು ಸುಟ್ಟುಹಾಕುವ ಫ್ಲೇರ್ ಟವರ್‌ಗೆ ಹೋಗುವ ಪೈಪಿನ ಒಂದು ತುಂಡು ತುಕ್ಕು ಹಿಡಿದಿತ್ತು. ಬದಲಿಸಲು ಅಂತ ಅದನ್ನು ತೆಗೆದಿದ್ದರು, ಹೊಸದು ಕೂರಿಸಿರಲಿಲ್ಲ. ಗ್ಯಾಸ್ ತೊಳೆಯುವ ಸ್ಕ್ರಬ್ಬರ್ ಸ್ಟ್ಯಾಂಡ್‌ಬೈನಲ್ಲಿತ್ತು. ಟ್ಯಾಂಕಿಗೆ ನೀರು ಹೇಗೆ ಸೇರಿತು ಅನ್ನುವುದರ ಬಗ್ಗೆ ಇವತ್ತಿಗೂ ವಾದ ಇದೆ. ಆದರೆ ಮೂರು ರಕ್ಷಣೆಗಳು ಆ ರಾತ್ರಿ ಕೆಲಸಕ್ಕೆ ಸಿದ್ಧ ಇರಲಿಲ್ಲ ಅನ್ನುವುದರಲ್ಲಿ ವಾದ ಇಲ್ಲ. ಸುಮಾರು 40 ಟನ್ ವಿಷ ಊರಿನ ಮೇಲೆ ಹರಿಯಿತು, ಸಾವಿರಾರು ಜನ ಹೋದರು. ಪೈಪಿನ ತುಂಡು ಒಂದು, ನಿಲ್ಲಿಸಿದ ಯಂತ್ರ ಒಂದು. ಬಾಕಿ ಉಳಿದ ಕೆಲಸದ ಪಟ್ಟಿ ಅಂದರೆ ಇದೇ.

ಸರಿಯಾದ ಉಳಿತಾಯ ಬೇರೆ ಇದೆ. ದೊಡ್ಡ ಫ್ಯಾನಿಗೆ ಗಾಳಿ ಕಡಿಮೆ ಬೇಕೆಂದರೆ ಗಾಳಿಯ ದಾರಿಯ ಬಾಗಿಲಾದ ಡ್ಯಾಂಪರ್ ಅರ್ಧ ಮುಚ್ಚಿ ಫ್ಯಾನನ್ನು ಮಾತ್ರ ಫುಲ್ ಸ್ಪೀಡಿನಲ್ಲಿ ಓಡಿಸುವುದು ನಮ್ಮ ಹಳೇ ಚಾಳಿ. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಾಕಿದ ಹಾಗೆ ಅದು. ಮೋಟರಿನ ಸ್ಪೀಡ್ ಏರಿಳಿಸುವ ಡ್ರೈವ್ ಹಾಕಿ ಸ್ಪೀಡ್ 20 ಪರ್ಸೆಂಟ್ ಇಳಿಸಿದರೆ ಫ್ಯಾನ್ ಎಳೆಯುವ ಪವರ್ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಸ್ಪೀಡಿನ ಮೂರನೇ ಘಾತಕ್ಕೆ ತಕ್ಕಂತೆ ಪವರ್ ಏರಿಳಿಯುತ್ತದೆ. ಫ್ಯಾನ್ ನಿಧಾನ ತಿರುಗಿದರೆ ಸದ್ದು ಕಡಿಮೆ, ಅದುರುವುದು ಕಡಿಮೆ, ಬೇರಿಂಗ್ ಬಾಳಿಕೆ ಜಾಸ್ತಿ. ಇಲ್ಲಿ ಉಳಿತಾಯವೂ ಸುರಕ್ಷತೆಯೂ ಒಟ್ಟಿಗೇ ಬರುತ್ತವೆ. ಭೋಪಾಲದಲ್ಲಿ ಮಾಡಿದ್ದು ಕಾವಲುಗಾರನನ್ನು ತೆಗೆದುಹಾಕಿ ಸಂಬಳ ಉಳಿಸಿದ ಹಾಗೆ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಉಳಿತಾಯ ಅಂತ ಬರೆಯುವುದೇ ಯಡವಟ್ಟು.

ತಾತ್ಕಾಲಿಕ ರಿಪೇರಿ ಅನ್ನುವುದು ಇನ್ನೊಂದು ದೊಡ್ಡ ರೋಗ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ 1974ರಲ್ಲಿ ಸಾಲಾಗಿದ್ದ ರಿಯಾಕ್ಟರ್‌ಗಳಲ್ಲಿ 5ನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು, 4ರಿಂದ 6ಕ್ಕೆ ಒಂದು ಪೈಪ್ ಹಾಕಿ ಪ್ಲಾಂಟ್ ಓಡಿಸಿದರು. ಆ ಪೈಪಿನ ಡ್ರಾಯಿಂಗ್ ಇದ್ದದ್ದು ಎಲ್ಲಿ ಗೊತ್ತಾ? ವರ್ಕ್‌ಶಾಪ್ ನೆಲದ ಮೇಲೆ, ಚಾಕ್‌ಪೀಸಿನಲ್ಲಿ. ವರ್ಕ್ಸ್ ಇಂಜಿನಿಯರ್ ಹುದ್ದೆ ಆಗ ಖಾಲಿ ಇತ್ತು. ಜೂನ್ 1ಕ್ಕೆ ಪೈಪ್ ಕಿತ್ತುಕೊಂಡು ಸೈಕ್ಲೊಹೆಕ್ಸೇನ್ ಎಂಬ ಬೇಗ ಹೊತ್ತಿಕೊಳ್ಳುವ ರಾಸಾಯನಿಕ ಹೊರಬಂದು ಸಿಡಿಯಿತು, 28 ಜನ ಸತ್ತರು. ಶನಿವಾರವಾದ್ದರಿಂದ ಆಫೀಸಿನಲ್ಲಿ ಜನ ಇರಲಿಲ್ಲ, ಇಲ್ಲದಿದ್ದರೆ ಲೆಕ್ಕ ಇನ್ನೂ ಏರುತ್ತಿತ್ತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಬಾಯ್ಲರ್‌ನಲ್ಲಿ ನೀರಿನ ಮಟ್ಟ ತೀರಾ ಇಳಿದರೆ ಉರಿ ನಿಲ್ಲಿಸುವ ಲೆವೆಲ್ ಸ್ವಿಚ್ ಕೆಲಸ ಮಾಡದ ಹಾಗೆ ಅದಕ್ಕೆ ಒಂದು ಕೆಂಪು ವೈರಿನ ಜಂಪರ್ ಹಾಕಿಬಿಟ್ಟಿದ್ದರು. ಸ್ವಿಚ್ ಪದೇ ಪದೇ ಸುಳ್ಳು ಟ್ರಿಪ್ ಕೊಡುತ್ತಿತ್ತಂತೆ. ಹೊಸ ಸ್ವಿಚ್ ಬರುವವರೆಗೆ ಅಂದಿದ್ದರು. ನಾನು ನೋಡುವಷ್ಟರಲ್ಲಿ ಆ ಕೆಂಪು ವೈರಿನ ಬಣ್ಣ ಮಾಸಿ, ಮೇಲೆ ಜೇಡರ ಬಲೆ ಕಟ್ಟಿತ್ತು. ಹೊಸ ಸ್ವಿಚ್‌ ತರಿಸಲು ಬರೆದ ಇಂಡೆಂಟ್ ಯಾವ ಫೈಲಿನಲ್ಲಿ ಮಲಗಿತ್ತೋ. ನೀರಿಲ್ಲದೆ ಉರಿಯುವ ಬಾಯ್ಲರಿನ ಟ್ಯೂಬ್‌ಗಳು ಕೆಂಪಗೆ ಕಾದು ಮೆತ್ತಗಾಗುತ್ತವೆ, ಆಗ ಗಾಬರಿಯಲ್ಲಿ ಯಾರಾದರೂ ತಣ್ಣೀರು ಬಿಟ್ಟರೆ ಮುಗಿಯಿತು ಕಥೆ. ಅಂಥದ್ದು ನಡೆದಿದ್ದರೆ ಸುದ್ದಿಯಲ್ಲಿ ಏನು ಬರುತ್ತಿತ್ತು? ಬಾಯ್ಲರ್ ಏಕಾಏಕಿ ಸ್ಫೋಟ.

ಕಾರ್ಮಿಕನ ಅಜಾಗರೂಕತೆ ಅನ್ನುವ ಮಾತಿಗೆ ಬರೋಣ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಹಗಲು ಶಿಫ್ಟಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ಕೆಲಸ ಮುಗಿಯಲಿಲ್ಲ. ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್, ಅಂದರೆ ಪೈಪಿನ ಬಾಯಿ ಮುಚ್ಚುವ ತಟ್ಟೆ, ಇಟ್ಟು ಹೋದರು. ರಾತ್ರಿ ಇನ್ನೊಂದು ಪಂಪ್ ಟ್ರಿಪ್ ಆಯಿತು. ರಾತ್ರಿ ಶಿಫ್ಟಿನವರಿಗೆ ವಾಲ್ವ್ ಇಲ್ಲದ ವಿಷಯ ಗೊತ್ತೇ ಇರಲಿಲ್ಲ, ವಾಲ್ವ್ ಬಿಚ್ಚುವ ಕೆಲಸಕ್ಕೆ ಬರೆದ ಅನುಮತಿ ಚೀಟಿ, ಅಂದರೆ ಪರ್ಮಿಟ್, ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ಪಂಪ್ ಚಾಲೂ ಮಾಡಿದರು. ಆ ಫ್ಲ್ಯಾಂಜ್ ಸಂದಿಯಿಂದ ಗ್ಯಾಸ್ ಸೋರಿ ಸಿಡಿಯಿತು. 167 ಜನ ಸತ್ತರು. ಸ್ವಿಚ್ ಒತ್ತಿದವನ ಮೇಲೆ ತಪ್ಪು ಹಾಕುವುದು ಎಷ್ಟು ಸುಲಭ ನೋಡಿ. ಆದರೆ ತಪ್ಪಿದ್ದು ಒಂದು ಶಿಫ್ಟ್ ಇನ್ನೊಂದು ಶಿಫ್ಟಿಗೆ ಮಾತು ದಾಟಿಸುವ ರೀತಿಯಲ್ಲಿ. ಲಾರ್ಡ್ ಕಲೆನ್ ಅವರ ತನಿಖೆ ಆಮೇಲೆ 106 ಶಿಫಾರಸು ಕೊಟ್ಟಿತು. ಕೆಲಸ ಮಾಡುವವನೇ ಮಷೀನು ಚಾಲೂ ಆಗದ ಹಾಗೆ ಅದರ ಸ್ವಿಚ್‌ಗೆ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವ ಲಾಕ್‌ಔಟ್ ಪದ್ಧತಿಗೆ ಅರ್ಥ ಇರುವುದು ಇಲ್ಲೇ. ಎಷ್ಟೋ ಕಡೆ ಈ ಬೀಗಗಳು ಸೇಫ್ಟಿ ಆಫೀಸಿನ ಗಾಜಿನ ಕಪಾಟಿನಲ್ಲಿ ಹೊಳೆಯುತ್ತಾ ಕೂತಿರುತ್ತವೆ, ಆಡಿಟ್‌ನವರು ಬಂದಾಗ ಹೊರಗೆ ಬರುತ್ತವೆ.

ಇನ್ನು ಗೇಟಿನ ಹತ್ತಿರದ ಬೋರ್ಡು. ಅವಘಡ ಇಲ್ಲದ ದಿನಗಳು ಇಷ್ಟು ಅಂತ. ಅದನ್ನು ನೋಡಿ ಖುಷಿಪಡಬೇಡಿ. ಕೈ ಕುಯ್ದುಕೊಂಡವರು, ಜಾರಿ ಬಿದ್ದವರು ಇಲ್ಲ ಅನ್ನುವುದಷ್ಟೇ ಅದರ ಅರ್ಥ, ಅದೂ ಯಾರೂ ಮುಚ್ಚಿಟ್ಟಿಲ್ಲ ಅಂದರೆ. 2010ರ ಏಪ್ರಿಲ್ 20ರಂದು ಡೀಪ್‌ವಾಟರ್ ಹೊರೈಜನ್ ಎಂಬ ತೈಲ ರಿಗ್ ಸಿಡಿದು 11 ಜನ ಸತ್ತ ದಿನ ಕಂಪನಿಯ ಹಿರಿಯರು ಅಲ್ಲಿಗೆ ಬಂದಿದ್ದರು, 7 ವರ್ಷ ದೊಡ್ಡ ಗಾಯಗಳಿಲ್ಲದೆ ಕೆಲಸ ನಡೆದದ್ದಕ್ಕೆ ಶಹಬ್ಬಾಸ್ ಹೇಳಲು. 2005ರಲ್ಲಿ ಸಿಡಿದ ಅಮೆರಿಕದ ಟೆಕ್ಸಾಸ್ ಸಿಟಿ ತೈಲ ರಿಫೈನರಿಯ ಕಥೆಯೂ ಅಷ್ಟೆ. ಟವರ್‌ನೊಳಗಿನ ದ್ರವ ತುಂಬಿ ತುಳುಕುವಷ್ಟು ಏರುತ್ತಿದ್ದರೆ ಲೆವೆಲ್ ಮೀಟರ್ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಎರಡು ಹೈ ಲೆವೆಲ್ ಅಲಾರಂಗಳಲ್ಲಿ ಒಂದು ಕೂಗಲೇ ಇಲ್ಲ. ಚಾಲೂ ಮಾಡುವ ಮೊದಲು ಅಲಾರಂಗಳನ್ನು ಪೂರ್ತಿ ಪರೀಕ್ಷೆ ಮಾಡಲು ಸಮಯ ಇಲ್ಲ ಅಂದಿದ್ದರು. ಸತ್ತ 15 ಜನರೂ ಗುತ್ತಿಗೆಯವರು, ಪಕ್ಕದ ಟ್ರೇಲರ್‌ಗಳಲ್ಲಿ ಬೇರೆ ಕೆಲಸಕ್ಕೆ ಬಂದಿದ್ದವರು. ಗುತ್ತಿಗೆಯವನಿಗೆ ಪ್ಲಾಂಟಿನ ಒಳಗಿನ ವಿಷಯ ಯಾವತ್ತೂ ಕೊನೆಗೇ ಗೊತ್ತಾಗುವುದು. ಟ್ಯಾಂಕಿನೊಳಗೆ ಇಳಿಸುವುದೂ ಅವನನ್ನೇ. ಗಾಳಿಯಲ್ಲಿ ಆಕ್ಸಿಜನ್ 20.9 ಪರ್ಸೆಂಟ್ ಇರಬೇಕು, 19.5ಕ್ಕಿಂತ ಇಳಿದರೆ ಒಳಗೆ ಹೋಗಬಾರದು, ನೈಟ್ರೋಜನ್ ತುಂಬಿದ ಟ್ಯಾಂಕಿಗೆ ವಾಸನೆಯೂ ಇರುವುದಿಲ್ಲ ಬಣ್ಣವೂ ಇರುವುದಿಲ್ಲ. ಒಬ್ಬ ಬಿದ್ದ ಅಂತ ಎಳೆಯಲು ಇಳಿದ ಇನ್ನೊಬ್ಬನೂ ಅಲ್ಲೇ ಬೀಳುತ್ತಾನೆ. ಇಂಥ ಸುದ್ದಿ ನೀವೇ ಎಷ್ಟು ಸಲ ಹಾಕಿದ್ದೀರಿ. ಗ್ಯಾಸ್ ಮೀಟರ್ ಇತ್ತಾ, ಅದು ಸರಿಯಾಗಿ ಅಳೆಯುತ್ತದಾ ಅಂತ ಕೊನೆಯ ಸಲ ಕ್ಯಾಲಿಬ್ರೇಷನ್ ಮಾಡಿಸಿದ್ದು ಯಾವಾಗ ಅಂತ ಒಂದು ಸಲವಾದರೂ ಬರೆದಿದ್ದೀರಾ?

ಎಲ್ಲದಕ್ಕೂ ಮ್ಯಾನೇಜ್‌ಮೆಂಟೇ ಕಾರಣ ಅನ್ನುತ್ತಿಲ್ಲ. ಮೇಂಟೆನೆನ್ಸ್‌ನವರಲ್ಲೂ ಸುಮ್ನೆ ಟಿಕ್ ಹಾಕಿ ಚೆಕ್‌ಲಿಸ್ಟ್ ತುಂಬುವವರು ಇದ್ದಾರೆ. ಚೆನ್ನಾಗಿ ಓಡುತ್ತಿರುವ ಮಷೀನನ್ನು ಕ್ಯಾಲೆಂಡರ್ ಹೇಳಿತು ಅಂತ ಬಿಚ್ಚಿ ಕೆಡಿಸುವವರೂ ಇದ್ದಾರೆ. 1978ರಲ್ಲಿ ನೌಲನ್ ಮತ್ತು ಹೀಪ್ ಎಂಬಿಬ್ಬರು ವಿಮಾನದ ಬಿಡಿಭಾಗಗಳ ಬಗ್ಗೆ ಬರೆದ ವರದಿಯಲ್ಲಿ ವಯಸ್ಸಾದಂತೆ ಕೆಡುವ ಸಾಧ್ಯತೆ ಏರುವ ಭಾಗಗಳು 11 ಪರ್ಸೆಂಟ್ ಮಾತ್ರ ಅಂತ ಕಂಡಿತು. ಹಾಗಾಗಿ ಜಾಸ್ತಿ ಬಿಚ್ಚುವುದೇ ಒಳ್ಳೆಯ ಮೇಂಟೆನೆನ್ಸ್ ಅಲ್ಲ. ಮಷೀನಿನ ಸ್ಥಿತಿ ನೋಡಿ, ಅಳೆದು, ಅದು ಹೇಳಿದ್ದನ್ನು ನಂಬಿ, ಸಮಯಕ್ಕೆ ಸರಿಯಾಗಿ ನಿಲ್ಲಿಸಬೇಕು. ಅಳತೆ ಎಲ್ಲರೂ ಮಾಡುತ್ತಾರೆ, ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ನಿಲ್ಲಿಸಿದ್ದರಿಂದ ಆದ ನಷ್ಟ ಅವತ್ತೇ ಸಂಜೆ ಲೆಕ್ಕಕ್ಕೆ ಬರುತ್ತದೆ. ನಿಲ್ಲಿಸಿದ್ದರಿಂದ ತಪ್ಪಿದ ಬೆಂಕಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೆ. ಮುಂದಿನ ಸಲ ನಿಮ್ಮ ವರದಿಗಾರರು ಕಾರ್ಖಾನೆ ಗೇಟಿಗೆ ಹೋದಾಗ ಎಚ್‌ಆರ್ ಕೊಟ್ಟ ಹೇಳಿಕೆ ತಗೊಂಡು ವಾಪಸ್ ಬರುವುದು ಬೇಡ. ಬಾಕಿ ರಿಪೇರಿ ಪಟ್ಟಿಯಲ್ಲಿ ಆ ಮಷೀನ್ ಇತ್ತಾ ಅಂತ ಕೇಳಲಿ. ಅಪಾಯ ಬಂದಾಗ ಮಷೀನನ್ನು ತಾನೇ ನಿಲ್ಲಿಸುವ ಯಾವ ಇಂಟರ್‌ಲಾಕ್ ಬೈಪಾಸ್ ಆಗಿತ್ತು, ಬೈಪಾಸ್‌ಗೆ ಸಹಿ ಹಾಕಿದವರು ಯಾರು, ಎಷ್ಟು ದಿನಕ್ಕೆ ಅಂತ ಹಾಕಿದ್ದರು, ಅವತ್ತಿನ ಕೆಲಸಕ್ಕೆ ಪರ್ಮಿಟ್ ಇತ್ತಾ, ಸತ್ತವನು ಕಂಪನಿಯವನೋ ಗುತ್ತಿಗೆಯವನೋ ಅಂತಲೂ ಕೇಳಲಿ. ಉತ್ತರ ಕೊಡಲಿಲ್ಲ ಅಂದರೆ ಕೊಡಲಿಲ್ಲ ಅಂತಲೇ ಬರೆಯಲಿ, ಅದೂ ಸುದ್ದಿಯೇ. ಮೂರು ತಿಂಗಳು ಬಿಟ್ಟು ತನಿಖೆ ಎಲ್ಲಿಗೆ ಬಂತು ಅಂತ ಇನ್ನೊಂದು ಸಲ ಹೋಗಿ ಬರಲಿ. ಹಾಗೇ ಇಂಧನ ಉಳಿತಾಯದ ಪ್ರಶಸ್ತಿ ತಗೊಂಡ ಕಂಪನಿಯ ಬಗ್ಗೆ ಬರೆಯುವಾಗ ಎಷ್ಟು ಯೂನಿಟ್ ಉಳಿಯಿತು ಅನ್ನುವುದರ ಜೊತೆಗೆ ಯಾವುದನ್ನು ಸರಿ ಮಾಡಿ ಉಳಿಸಿದರು, ಯಾವುದನ್ನು ನಿಲ್ಲಿಸಿ ಉಳಿಸಿದರು ಅಂತಲೂ ಕೇಳಲಿ.

ರಾತ್ರಿ ಶಿಫ್ಟಿನ ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್‌ಗಳನ್ನು ಗೇಟಿನ ಹೊರಗೆ ಮಾತಾಡಿಸಿದರೆ ಇದರಲ್ಲಿ ಬಹಳಷ್ಟಕ್ಕೆ ಉತ್ತರ ಸಿಗುತ್ತದೆ. ಆದರೆ ಅವರ ಹೆಸರು ಹಾಕಬೇಡಿ, ಅವರ ಕೆಲಸ ಹೋಗುತ್ತದೆ. ಈ ಪತ್ರಕ್ಕೂ ಹೆಸರು ಬೇಡ. ನಾನಿನ್ನೂ ಡ್ಯೂಟಿಯಲ್ಲಿದ್ದೇನೆ.

ಇಂತಿ,
ಒಬ್ಬ ಮೇಂಟೆನೆನ್ಸ್ ನೌಕರ